ದ್ರವ ಪದಾರ್ಥಗಳ ಅಳತೆ ಮತ್ತು ತೂಕ: ಪಾಕಶಾಲೆಯ ಲೆಕ್ಕದ ಒಂದು ಅಧ್ಯಯನ

ಒಂದು ಲೀಟರು ಎಣ್ಣೆ ಎಷ್ಟು ತೂಗುತ್ತದೆ? ಈ ಪ್ರಶ್ನೆಯನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳ ಮುಂದಿಟ್ಟರೆ ಬಹುಮಂದಿ ‘ಒಂದು ಕಿಲೋಗ್ರಾಂ’ ಎಂದೇ ಉತ್ತರಿಸುವುದುಂಟು. ವಿದ್ಯಾರ್ಥಿಗಳೇಕೆ, ದಿನವೂ ಎಣ್ಣೆಯನ್ನು ಕೊಂಡು ತರುವ ಗೃಹಸ್ಥರೂ, ಉಗ್ರಾಣದ ಪುಸ್ತಕ ಬರೆಯುವವರೂ ಲೀಟರು ಮತ್ತು ಕಿಲೋಗ್ರಾಂಗಳನ್ನು ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಟ್ಟು ವ್ಯವಹರಿಸುವುದನ್ನು ಕಾಣಬಹುದು. ಸಣ್ಣ ಸಂಸಾರದಲ್ಲಿ ಇದರಿಂದ ಹೆಚ್ಚಿನ ಬಾಧಕವಿಲ್ಲ. ಆದರೆ ನೂರಾರು ಮಕ್ಕಳಿಗೆ ದಿನವೂ ಊಟವಿಕ್ಕುವ ವಿದ್ಯಾರ್ಥಿನಿಲಯಗಳಲ್ಲಿ, ದಾನಿಗಳ ದ್ರವ್ಯದಿಂದ ನಡೆಯುವ ದಾಸೋಹದ ಪಾಕಶಾಲೆಗಳಲ್ಲಿ ಈ ಅಲ್ಪ ಅಂತರವು ವರ್ಷದ ಕೊನೆಗೆ ಅಲ್ಪವಾಗಿ ಉಳಿಯುವುದಿಲ್ಲ. ಹನಿ ಹನಿ ಕೂಡಿದರೆ ಹಳ್ಳವೆಂಬ ಗಾದೆಯು ಕೂಡಿಬರುವುದಕ್ಕೆ ಸಲ್ಲುವಂತೆ ಕಳೆದುಹೋಗುವುದಕ್ಕೂ ಸಲ್ಲುತ್ತದೆ. ಆದುದರಿಂದ ದ್ರವ ಪದಾರ್ಥಗಳ ಅಳತೆಯನ್ನು ತೂಕಕ್ಕೆ ಪರಿವರ್ತಿಸುವ ಕ್ರಮ, ಅದರ ಹಿಂದಿನ ತತ್ತ್ವ ಮತ್ತು ಅದರ ವ್ಯಾವಹಾರಿಕ ಪ್ರಯೋಜನಗಳನ್ನು ವಿವೇಚಿಸುವುದು ಉಚಿತವಾಗಿದೆ.

ಹಿನ್ನೆಲೆ

ಕನ್ನಡ ನಾಡಿನಲ್ಲಿ ಹಿಂದೆ ದ್ರವಗಳನ್ನಷ್ಟೇ ಅಲ್ಲದೆ ಧಾನ್ಯಗಳನ್ನೂ ಅಳೆದೇ ಕೊಡುತ್ತಿದ್ದರು. ಪಾವು, ಸೇರು, ಬಳ್ಳ, ಕೊಳಗ, ಖಂಡುಗ ಇವು ಮನೆಮನೆಯ ಮಾತಾಗಿದ್ದವು. ಇವುಗಳಲ್ಲಿ ‘ಸೇರು’ ಎಂಬ ಹೆಸರು ಅಳತೆಗೂ ಸಲ್ಲುತ್ತಿತ್ತು, ತೂಕಕ್ಕೂ ಸಲ್ಲುತ್ತಿತ್ತು. ಒಂದೇ ಹೆಸರು ಎರಡು ಬೇರೆ ಬೇರೆ ಗುಣಗಳನ್ನು ಸೂಚಿಸುತ್ತಿದ್ದುದರಿಂದ ಗೊಂದಲಕ್ಕೆ ಎಡೆಯಿತ್ತು. ಮೇಲಾಗಿ ಒಂದು ಸೀಮೆಯ ಸೇರು ಇನ್ನೊಂದು ಸೀಮೆಯ ಸೇರಿಗೆ ಸಮನಾಗಿರಲಿಲ್ಲ.

ಈ ವೈವಿಧ್ಯವನ್ನು ನಿವಾರಿಸುವ ಸಲುವಾಗಿ ಭಾರತ ಸರ್ಕಾರವು 1956ರಲ್ಲಿ ತೂಕ ಮತ್ತು ಅಳತೆಗಳ ಮಾನಕ ಅಧಿನಿಯಮವನ್ನು ಜಾರಿಗೆ ತಂದಿತು. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯಗಳೂ, 1958ರ ಅಕ್ಟೋಬರ್ ತಿಂಗಳಿನಿಂದ ಹಂತಹಂತವಾಗಿ ಮೆಟ್ರಿಕ್ ತೂಕಗಳೂ ಬಳಕೆಗೆ ಬಂದವು. 80 ತೊಲದ ಸೇರು 933.10 ಗ್ರಾಂ ಎಂದೂ, 40 ಸೇರಿನ ಮಣವು 37.324 ಕಿಲೋಗ್ರಾಂ ಎಂದೂ ನಿಶ್ಚಯವಾಯಿತು. ಅಂದಿನಿಂದ ತೂಕಕ್ಕೆ ಕಿಲೋಗ್ರಾಂ, ದ್ರವದ ಅಳತೆಗೆ ಲೀಟರು ಎಂಬ ಎರಡು ಬೇರೆ ಹೆಸರುಗಳು ದೊರೆತವು. ಹೆಸರುಗಳು ಬೇರೆಯಾದರೂ ಜನರ ಮನಸ್ಸಿನಲ್ಲಿ ಅವೆರಡೂ ಒಂದೇ ಎಂಬ ಭಾವನೆ ಮಾತ್ರ ಹೋಗಲಿಲ್ಲ.

ಈ ಭಾವನೆಗೆ ಆಧಾರವೇ ಇಲ್ಲವೆನ್ನುವಂತಿಲ್ಲ. ಫ್ರಾನ್ಸ್ ದೇಶದಲ್ಲಿ 1795ರಲ್ಲಿ ಮೆಟ್ರಿಕ್ ಪದ್ಧತಿಯನ್ನು ರೂಪಿಸಿದಾಗ ಒಂದು ಘನ ಸೆಂಟಿಮೀಟರು ನೀರಿನ ತೂಕವನ್ನೇ ಒಂದು ಗ್ರಾಂ ಎಂದು ಕರೆಯಲಾಯಿತು. 1901ರಲ್ಲಿ ಅಂತರರಾಷ್ಟ್ರೀಯ ಸಮ್ಮೇಳನವು ಒಂದು ಕಿಲೋಗ್ರಾಂ ಶುದ್ಧ ನೀರು ತನ್ನ ಅತ್ಯಧಿಕ ಸಾಂದ್ರತೆಯ ಸ್ಥಿತಿಯಲ್ಲಿ ಆಕ್ರಮಿಸುವ ಸ್ಥಳವೇ ಒಂದು ಲೀಟರು ಎಂದು ವ್ಯಾಖ್ಯಾನಿಸಿತು. ಹೀಗೆ ವ್ಯಾಖ್ಯಾನಿಸಿದ ಲೀಟರು ಘನ ಡೆಸಿಮೀಟರಿಗೆ ಸರಿಯಾಗಿ ಹೊಂದದೆ, ಸಾವಿರ ಲೀಟರಿಗೆ 28 ಮಿಲಿಲೀಟರಿನಷ್ಟು ಹೆಚ್ಚಾಗಿದ್ದುದು ಕಂಡುಬಂದುದರಿಂದ 1964ರಲ್ಲಿ ಆ ವ್ಯಾಖ್ಯಾನವನ್ನು ಕೈಬಿಟ್ಟು, ಲೀಟರು ಎಂದರೆ ಒಂದು ಘನ ಡೆಸಿಮೀಟರು ಎಂದು ನಿರ್ಧರಿಸಲಾಯಿತು. 2019ರ ಮೇ 20ರಿಂದ ಕಿಲೋಗ್ರಾಂ ಸಹ ಪ್ರಕೃತಿಯ ಒಂದು ಸ್ಥಿರಾಂಕವಾದ ಪ್ಲಾಂಕ್ ಸ್ಥಿರಾಂಕವನ್ನು ಆಧರಿಸಿದೆ. ಅಂದರೆ ಲೀಟರಿಗೂ ಕಿಲೋಗ್ರಾಂಗೂ ಹುಟ್ಟಿನಲ್ಲಿ ನೀರಿನ ನಂಟಿತ್ತು. ಇಂದು ವ್ಯಾಖ್ಯೆಯಲ್ಲಿ ಆ ನಂಟೂ ಇಲ್ಲ. ನೀರಿಗೆ ಮಾತ್ರ ಹೆಚ್ಚು ಕಡಿಮೆ ಸಲ್ಲುವ ಸಮಾನತೆಯನ್ನು ಎಣ್ಣೆಗೂ ಹಾಲಿಗೂ ಜೇನಿಗೂ ಅನ್ವಯಿಸುವುದೇ ತಪ್ಪಿನ ಮೂಲ.

ಸಾಂದ್ರತೆಯ ತತ್ತ್ವ

ಒಂದು ವಸ್ತುವು ಆಕ್ರಮಿಸುವ ಸ್ಥಳಕ್ಕೆ ಗಾತ್ರವೆಂದು ಹೆಸರು. ಅದರಲ್ಲಿ ಅಡಕವಾಗಿರುವ ದ್ರವ್ಯದ ಪರಿಮಾಣಕ್ಕೆ ದ್ರವ್ಯರಾಶಿಯೆಂದು ಹೆಸರು. ವ್ಯವಹಾರದಲ್ಲಿ ಇದನ್ನೇ ತೂಕವೆನ್ನುವುದು ರೂಢಿ. ದ್ರವ್ಯರಾಶಿಯನ್ನು ಗಾತ್ರದಿಂದ ಭಾಗಿಸಿದಾಗ ಬರುವ ಫಲವೇ ಸಾಂದ್ರತೆ. ಆದುದರಿಂದ,

ತೂಕ = ಗಾತ್ರ × ಸಾಂದ್ರತೆ
ಗಾತ್ರ = ತೂಕ ÷ ಸಾಂದ್ರತೆ

ಎಂಬ ಎರಡು ಸೂತ್ರಗಳು ಈ ವಿಷಯಕ್ಕೆಲ್ಲ ಸಾಕಾಗುತ್ತವೆ. ಸಾಂದ್ರತೆಯನ್ನು ಪ್ರತಿ ಲೀಟರಿಗೆ ಇಷ್ಟು ಕಿಲೋಗ್ರಾಂ ಎಂದು ಹೇಳಿದರೆ ಲೀಟರಿನಿಂದ ಕಿಲೋಗ್ರಾಂಗೆ ಗುಣಾಕಾರದಿಂದಲೂ, ಕಿಲೋಗ್ರಾಂನಿಂದ ಲೀಟರಿಗೆ ಭಾಗಾಕಾರದಿಂದಲೂ ಹೋಗಬಹುದು. ಗುಣಿಸಬೇಕಾದಲ್ಲಿ ಭಾಗಿಸುವುದು ಇಲ್ಲಿ ಸಾಮಾನ್ಯವಾಗಿ ಸಂಭವಿಸುವ ತಪ್ಪು. ಎಣ್ಣೆಯು ನೀರಿನ ಮೇಲೆ ತೇಲುವ ವಸ್ತುವಾದ್ದರಿಂದ ಅದರ ಕಿಲೋಗ್ರಾಂಗಳ ಸಂಖ್ಯೆಯು ಲೀಟರುಗಳ ಸಂಖ್ಯೆಗಿಂತ ಸದಾ ಕಡಿಮೆಯಿರಬೇಕು. ಜೇನು ನೀರಿನಲ್ಲಿ ಮುಳುಗುವುದರಿಂದ ಅದರ ಕಿಲೋಗ್ರಾಂಗಳ ಸಂಖ್ಯೆ ಹೆಚ್ಚಿರಬೇಕು. ಇಷ್ಟನ್ನು ನೆನಪಿನಲ್ಲಿಟ್ಟರೆ ಬಂದ ಉತ್ತರವು ಸರಿಯೋ ತಪ್ಪೋ ಎಂಬುದನ್ನು ಮನಸ್ಸಿನಲ್ಲೇ ಪರೀಕ್ಷಿಸಿಕೊಳ್ಳಬಹುದು.

ಸಾಧಾರಣ ಉಷ್ಣಾಂಶದಲ್ಲಿ ಒಂದು ಲೀಟರು ಪದಾರ್ಥದ ತೂಕವು ಸುಮಾರಾಗಿ ಹೀಗಿರುತ್ತದೆ:

ನೀರು (30 ಡಿಗ್ರಿ ಸೆಲ್ಸಿಯಸ್) — 996 ಗ್ರಾಂ
ಹಾಲು — 1,030 ಗ್ರಾಂ
ಕಡಲೆಕಾಯಿ, ಸೂರ್ಯಕಾಂತಿ, ಎಳ್ಳು, ಕೊಬ್ಬರಿ ಮುಂತಾದ ಅಡುಗೆ ಎಣ್ಣೆಗಳು — 910ರಿಂದ 920 ಗ್ರಾಂ
ಕರಗಿದ ತುಪ್ಪ — 900ರಿಂದ 910 ಗ್ರಾಂ
ಸಕ್ಕರೆ ಮತ್ತು ನೀರನ್ನು ಸಮತೂಕದಲ್ಲಿ ಕೂಡಿಸಿದ ಪಾಕ — 1,230 ಗ್ರಾಂ
ಜೇನುತುಪ್ಪ — 1,400 ಗ್ರಾಂ

ಇವುಗಳಲ್ಲಿ ಎಣ್ಣೆಗಳ ಅಂಕಿಗಳು ಒಂದಕ್ಕೊಂದು ಬಹು ಸಮೀಪವಾಗಿವೆ. ಆದುದರಿಂದ ಅಡುಗೆಮನೆಯ ಲೆಕ್ಕಕ್ಕೆ ಎಲ್ಲ ಅಡುಗೆ ಎಣ್ಣೆಗಳಿಗೂ 0.91 ಎಂಬ ಒಂದೇ ಗುಣಕವನ್ನು ಇಟ್ಟುಕೊಂಡರೆ ದೋಷವಿಲ್ಲ. ಆದರೆ ಪಾಕ, ಹುಣಿಸೆ ರಸ, ಜೋನಿ ಬೆಲ್ಲ ಇಂತಹವಕ್ಕೆ ನಿಶ್ಚಿತವಾದ ಅಂಕಿಯನ್ನು ಹೇಳುವಂತಿಲ್ಲ. ಅವುಗಳಲ್ಲಿರುವ ನೀರಿನ ಪ್ರಮಾಣವನ್ನು ಅನುಸರಿಸಿ ಸಾಂದ್ರತೆಯು ಬದಲಾಗುತ್ತದೆ. ಅವನ್ನು ಪ್ರತಿಸಲವೂ ತೂಗಿಯೇ ತಿಳಿಯಬೇಕು.

ಉಗ್ರಾಣದ ಲೆಕ್ಕ

ಅಡುಗೆ ಎಣ್ಣೆಯು ಮಾರುಕಟ್ಟೆಯಲ್ಲಿ 15 ಕಿಲೋಗ್ರಾಂನ ಡಬ್ಬಗಳಲ್ಲಿಯೂ, 15 ಲೀಟರಿನ ಡಬ್ಬಗಳಲ್ಲಿಯೂ ದೊರೆಯುತ್ತದೆ. ದೂರದಿಂದ ನೋಡುವವರಿಗೆ ಎರಡೂ ಒಂದೇ ಬಗೆಯಾಗಿ ಕಾಣುತ್ತವೆ; ಎರಡರ ಮೇಲೂ 15 ಎಂಬ ಅಂಕಿಯೇ ಎದ್ದು ತೋರುತ್ತದೆ. ಆದರೆ 15 ಲೀಟರಿನ ಡಬ್ಬದಲ್ಲಿ ಇರುವ ಎಣ್ಣೆಯ ತೂಕ 15 × 0.91, ಅಂದರೆ 13.65 ಕಿಲೋಗ್ರಾಂ. ಅದಕ್ಕೆ ಪ್ರತಿಯಾಗಿ 15 ಕಿಲೋಗ್ರಾಂನ ಡಬ್ಬದಲ್ಲಿ 15 ÷ 0.91, ಅಂದರೆ ಸುಮಾರು ಹದಿನಾರೂವರೆ ಲೀಟರು ಎಣ್ಣೆಯಿರುತ್ತದೆ. ಡಬ್ಬವೊಂದಕ್ಕೆ 1.35 ಕಿಲೋಗ್ರಾಂ ವ್ಯತ್ಯಾಸ.

ಬೆಲೆಯನ್ನು ಹೋಲಿಸುವಾಗಲೂ ಇದು ಮುಖ್ಯ. ಒಂದು ಅಂಗಡಿಯಲ್ಲಿ ಎಣ್ಣೆ ಲೀಟರಿಗೆ 150 ರೂಪಾಯಿ, ಇನ್ನೊಂದರಲ್ಲಿ ಕಿಲೋಗ್ರಾಂಗೆ 160 ರೂಪಾಯಿ ಎಂದು ಉದಾಹರಣೆಗಾಗಿ ಇಟ್ಟುಕೊಂಡರೆ ಮೊದಲನೆಯದೇ ಅಗ್ಗವೆಂದು ತೋರುವುದು ಸಹಜ. ಆದರೆ 150ನ್ನು 0.91ರಿಂದ ಭಾಗಿಸಿದರೆ ಕಿಲೋಗ್ರಾಂಗೆ ಸುಮಾರು 165 ರೂಪಾಯಿ ಬೀಳುತ್ತದೆ. ಹೆಚ್ಚಿನ ಬೆಲೆಯೆಂದು ಕಂಡದ್ದೇ ಇಲ್ಲಿ ಅಗ್ಗದ ಬೆಲೆ.

ಇದಕ್ಕಿಂತಲೂ ಗುರುತರವಾದುದು ಲೆಕ್ಕದ ಪುಸ್ತಕದ ವಿಷಯ. ಭಕ್ತರೊಬ್ಬರು 15 ಲೀಟರಿನ 20 ಡಬ್ಬ ಎಣ್ಣೆಯನ್ನು ವಿದ್ಯಾರ್ಥಿನಿಲಯಕ್ಕೆ ಅರ್ಪಿಸಿದರೆಂದು ಭಾವಿಸಬಹುದು. ಜಮೆಯ ಕಡೆಯಲ್ಲಿ ‘ಎಣ್ಣೆ 300’ ಎಂದು ಮಾತ್ರ ಬರೆದು, ಮಾನವನ್ನು ನಮೂದಿಸದೆ ಬಿಟ್ಟರೆ ಮುಂದೆ ಏನಾಗುತ್ತದೆ? ಅಡುಗೆಮನೆಗೆ ದಿನವೂ ಎಣ್ಣೆಯನ್ನು ತಕ್ಕಡಿಯಲ್ಲಿ ತೂಗಿ ಕೊಡುವ ಪದ್ಧತಿಯಿದ್ದಲ್ಲಿ, ಡಬ್ಬಗಳೆಲ್ಲ ಬರಿದಾಗುವ ವೇಳೆಗೆ ಖರ್ಚಿನ ಕಡೆ 273 ಕಿಲೋಗ್ರಾಂ ಮಾತ್ರ ಬರುತ್ತದೆ. ಜಮೆ 300, ಖರ್ಚು 273. ಉಳಿದ 27 ಎಲ್ಲಿ ಹೋಯಿತು? ಎಲ್ಲಿಯೂ ಹೋಗಿಲ್ಲ, ಅದು ಎಂದೂ ಇರಲೇ ಇಲ್ಲ. ಆದರೆ ಲೆಕ್ಕ ತನಿಖೆ ಮಾಡುವವರ ಕಣ್ಣಿಗೆ ಬೀಳುವುದು ಕೊರತೆ. ಸಂಶಯ ಹೋಗುವುದು ಉಗ್ರಾಣದ ಬೀಗದಕೈ ಇಟ್ಟುಕೊಂಡವರ ಮೇಲೆ. ಪ್ರಾಮಾಣಿಕವಾಗಿ ದುಡಿದವರಿಗೆ ಇಂತಹ ಅಪವಾದ ಬರುವುದು ಎಣ್ಣೆಯ ನಷ್ಟಕ್ಕಿಂತ ದೊಡ್ಡ ನಷ್ಟ.

ಇದರ ವಿಪರ್ಯಾಯವೂ ಅಷ್ಟೇ ಅಪಾಯಕಾರಿ. ಬಂದದ್ದು 15 ಕಿಲೋಗ್ರಾಂನ 20 ಡಬ್ಬಗಳಾಗಿದ್ದು, ‘ಎಣ್ಣೆ 300’ ಎಂದು ಬರೆದು, ಕೊಡುವಾಗ ಲೀಟರಿನ ಅಳತೆಯಲ್ಲಿ ಕೊಟ್ಟರೆ, 300 ಲೀಟರು ಕೊಟ್ಟ ಮೇಲೂ ಸುಮಾರು 30 ಲೀಟರು ಎಣ್ಣೆ ಲೆಕ್ಕಕ್ಕೆ ಸಿಕ್ಕದೆ ಉಳಿಯುತ್ತದೆ. ಮೊದಲನೆಯ ಸಂದರ್ಭದಲ್ಲಿ ನಿರಪರಾಧಿಯ ಮೇಲೆ ದೋಷಾರೋಪ, ಎರಡನೆಯದರಲ್ಲಿ ದೋಷಕ್ಕೆ ಅವಕಾಶ. ಎರಡಕ್ಕೂ ಪರಿಹಾರ ಒಂದೇ: ಅಂಕಿಯ ಮುಂದೆ ಮಾನವನ್ನು ತಪ್ಪದೆ ಬರೆಯುವುದು, ಮತ್ತು ಜಮೆ ಖರ್ಚುಗಳೆರಡನ್ನೂ ಒಂದೇ ಮಾನದಲ್ಲಿ, ಸಾಧ್ಯವಾದಷ್ಟೂ ತೂಕದಲ್ಲಿ, ಇಡುವುದು.

ಮಕ್ಕಳ ಪಾಲು

ಲೆಕ್ಕದ ಪುಸ್ತಕದಿಂದ ಊಟದ ಪಂಕ್ತಿಗೆ ಬಂದರೆ ಈ ವಿಷಯದ ಮಹತ್ತ್ವವು ಇನ್ನೂ ಸ್ಪಷ್ಟವಾಗುತ್ತದೆ. ಆಹಾರಶಾಸ್ತ್ರದ ಕೋಷ್ಟಕಗಳೆಲ್ಲ ತೂಕವನ್ನೇ ಆಧರಿಸಿವೆ. ಒಂದು ಗ್ರಾಂ ಕೊಬ್ಬಿನಿಂದ ದೇಹಕ್ಕೆ ಸುಮಾರು 9 ಕಿಲೋ ಕ್ಯಾಲೊರಿ ಶಕ್ತಿ ದೊರೆಯುತ್ತದೆ. ಆದುದರಿಂದ 100 ಗ್ರಾಂ ಎಣ್ಣೆಯಿಂದ 900 ಕಿಲೋ ಕ್ಯಾಲೊರಿ ಬಂದರೆ, 100 ಮಿಲಿಲೀಟರು ಎಣ್ಣೆಯಿಂದ ಸುಮಾರು 819 ಮಾತ್ರ ಬರುತ್ತದೆ.

ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾಗಿ ಬಳಿಕ ರಾಜ್ಯಕ್ಕೆಲ್ಲ ವಿಸ್ತರಿಸಿದ ಶಾಲಾ ಬಿಸಿಯೂಟದ ಯೋಜನೆಗೆ ‘ಅಕ್ಷರ ದಾಸೋಹ’ ಎಂದು ಹೆಸರು. ಮಧ್ಯಾಹ್ನದ ಊಟಕ್ಕೆ ಕೇಂದ್ರ ಸರ್ಕಾರವು ಗೊತ್ತುಪಡಿಸಿರುವ ಪ್ರಮಾಣದಂತೆ ದಿನಕ್ಕೆ ಕಿರಿಯ ಪ್ರಾಥಮಿಕ ತರಗತಿಯ ಮಗುವಿಗೆ 5 ಗ್ರಾಂ, ಹಿರಿಯ ಪ್ರಾಥಮಿಕ ತರಗತಿಯ ಮಗುವಿಗೆ 7.5 ಗ್ರಾಂ ಎಣ್ಣೆ ಅಥವಾ ಕೊಬ್ಬು ಸಲ್ಲಬೇಕು. ಇಲ್ಲಿ ಹೇಳಿರುವುದು ಗ್ರಾಂ ಎಂಬುದನ್ನು ಗಮನಿಸತಕ್ಕದ್ದು.

ಹಿರಿಯ ಪ್ರಾಥಮಿಕ ತರಗತಿಗಳ 500 ಮಕ್ಕಳಿರುವ ಒಂದು ಶಾಲೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 500 × 7.5 ಎಂದರೆ ದಿನಕ್ಕೆ 3,750 ಗ್ರಾಂ, ಅರ್ಥಾತ್ 3.75 ಕಿಲೋಗ್ರಾಂ ಎಣ್ಣೆ ಬೇಕು. ಇದನ್ನು ಲೀಟರಿಗೆ ಪರಿವರ್ತಿಸಿದರೆ 3.75 ÷ 0.91, ಅಂದರೆ 4.12 ಲೀಟರು. ಆದರೆ ಅಡುಗೆಯವರು ಗ್ರಾಂ ಮತ್ತು ಮಿಲಿಲೀಟರು ಒಂದೇ ಎಂಬ ಗ್ರಹಿಕೆಯಿಂದ 3.75 ಲೀಟರನ್ನು ಅಳೆದು ಸುರಿದರೆ ಬಾಣಲೆಗೆ ಬೀಳುವುದು 3.41 ಕಿಲೋಗ್ರಾಂ ಮಾತ್ರ. ದಿನಕ್ಕೆ ಸುಮಾರು 340 ಗ್ರಾಂ ಕೊರತೆ. ಒಂದು ಮಗುವಿನ ಪಾಲಿಗೆ ಇದು ಮುಕ್ಕಾಲು ಗ್ರಾಂಗಿಂತಲೂ ಕಡಿಮೆ. ಯಾವ ಮಗುವೂ ಇದನ್ನು ಗುರುತಿಸಲಾರದು, ಯಾವ ಮಗುವೂ ಇದಕ್ಕಾಗಿ ದೂರಲಾರದು. ಆದರೆ 200 ದಿನಗಳ ಶಾಲಾ ವರ್ಷದಲ್ಲಿ ಕೊರತೆಯ ಮೊತ್ತ 67 ಕಿಲೋಗ್ರಾಂ ದಾಟುತ್ತದೆ. ಕದ್ದವರಿಲ್ಲ, ಜಿಪುಣತನ ಮಾಡಿದವರಿಲ್ಲ. ಮಕ್ಕಳಿಗೆ ಸಲ್ಲಬೇಕಾದುದು ಸಲ್ಲಲಿಲ್ಲವೆಂಬುದು ಮಾತ್ರ ನಿಜ. ಮಕ್ಕಳು ತಾವೇ ಕೇಳಿ ಪಡೆಯಲಾರದ ಪಾಲನ್ನು ಲೆಕ್ಕವೇ ಅವರ ಪರವಾಗಿ ಕೇಳಬೇಕಾಗುತ್ತದೆ.

ಹಾಲಿನ ವಿಚಾರ

ಎಣ್ಣೆಯು ಲೀಟರಿಗೆ ಕಡಿಮೆ ತೂಗಿದರೆ ಹಾಲು ಸ್ವಲ್ಪ ಹೆಚ್ಚು ತೂಗುತ್ತದೆ. ಹಾಲಿನಲ್ಲಿ ಕರಗಿರುವ ಸಕ್ಕರೆ, ಸಸಾರಜನಕ ಮತ್ತು ಲವಣಗಳು ನೀರಿಗಿಂತ ಭಾರವಾದವು. ಅದರ ಕೊಬ್ಬು ನೀರಿಗಿಂತ ಹಗುರ. ಇವೆರಡರ ಪ್ರಭಾವವೂ ಸೇರಿ ಒಂದು ಲೀಟರು ಹಾಲು ಸುಮಾರು 1.03 ಕಿಲೋಗ್ರಾಂ ತೂಗುತ್ತದೆ. ಲೀಟರಿನ ಲೆಕ್ಕದಲ್ಲಿ ಮಾರುವ ಹಾಲನ್ನು ಸಂಗ್ರಹಿಸುವಾಗ ಕಿಲೋಗ್ರಾಂನಲ್ಲಿ ತೂಗುವ ರೂಢಿ ಹಾಲು ಒಕ್ಕೂಟಗಳಲ್ಲಿದೆ. ನೂರಕ್ಕೆ ಮೂರರಷ್ಟು ಅಂತರವೆಂದು ಇದನ್ನು ಕಡೆಗಣಿಸುವಂತಿಲ್ಲ. ದಿನಕ್ಕೆ 10 ಲೀಟರು ಹಾಲು ಹಾಕುವ ರೈತನ ಹಾಲು ತೂಕದಲ್ಲಿ 10.3 ಕಿಲೋಗ್ರಾಂ. ಕಿಲೋಗ್ರಾಂಗೆ ಗೊತ್ತಾದ ದರವನ್ನು ಲೀಟರಿನ ಅಳತೆಗೆ ಹಚ್ಚಿ ಹಣ ಕೊಟ್ಟರೆ ವರ್ಷದಲ್ಲಿ ಸುಮಾರು 110 ಕಿಲೋಗ್ರಾಂ ಹಾಲಿನ ಹಣ ಆತನ ಕೈಗೆ ಬರದೆ ಹೋಗುತ್ತದೆ.

ಹಾಲಿನ ಶುದ್ಧತೆಯನ್ನು ನೋಡುವ ಕ್ಷೀರಮಾಪಕವೂ ಸಾಂದ್ರತೆಯ ತತ್ತ್ವದ ಮೇಲೆಯೇ ನಿಂತಿದೆ. ಅದರಲ್ಲಿ 30 ಎಂಬ ಗೆರೆಯು 1.030 ಎಂಬ ಸಾಂದ್ರತೆಯನ್ನು ಸೂಚಿಸುತ್ತದೆ. ಒಂಬತ್ತು ಪಾಲು ಹಾಲಿಗೆ ಒಂದು ಪಾಲು ನೀರನ್ನು ಬೆರಸಿದರೆ ಈ ಅಂಕಿ 27ರ ಸಮೀಪಕ್ಕೆ ಇಳಿಯುತ್ತದೆ. ಆದರೆ ಈ ಉಪಕರಣವನ್ನು ಕುರುಡಾಗಿ ನಂಬತಕ್ಕದ್ದಲ್ಲ. ಹಾಲಿನ ಕೆನೆಯನ್ನು ತೆಗೆದರೆ ಹಗುರವಾದ ಭಾಗ ಹೋಗಿ ಸಾಂದ್ರತೆ ಏರುತ್ತದೆ. ಆಮೇಲೆ ನೀರು ಬೆರಸಿದರೆ ಮತ್ತೆ ಇಳಿದು ಮೊದಲಿನ ಅಂಕಿಗೇ ಬಂದು ನಿಲ್ಲಬಹುದು. ಎರಡು ಮೋಸಗಳು ಸೇರಿ ಒಂದು ಸತ್ಯದಂತೆ ತೋರುವ ಇಂತಹ ಸಂದರ್ಭದಲ್ಲಿ ಕೊಬ್ಬಿನ ಪರೀಕ್ಷೆಯನ್ನೂ ಜೊತೆಗೆ ಮಾಡುವುದು ಅವಶ್ಯಕ. ಅಂತೆಯೇ ಕ್ಷೀರಮಾಪಕವನ್ನು ಅದರ ಮೇಲೆ ನಮೂದಿಸಿರುವ ಉಷ್ಣಾಂಶದಲ್ಲಿಯೇ ಬಳಸಬೇಕು, ಇಲ್ಲವೆ ತಕ್ಕ ತಿದ್ದುಪಡಿಯನ್ನು ಮಾಡಿಕೊಳ್ಳಬೇಕು.

ಹಾಲಿನ ಪುಡಿಯಿಂದ ಹಾಲು ತಯಾರಿಸುವಲ್ಲಿಯೂ ಇದೇ ವಿವೇಕ ಬೇಕು. 2013ರಲ್ಲಿ ಕರ್ನಾಟಕದಲ್ಲಿ ಆರಂಭವಾದ ‘ಕ್ಷೀರ ಭಾಗ್ಯ’ ಯೋಜನೆಯಲ್ಲಿ ಮಗುವೊಂದಕ್ಕೆ 18 ಗ್ರಾಂ ಕೆನೆಭರಿತ ಹಾಲಿನ ಪುಡಿಯಿಂದ 150 ಮಿಲಿಲೀಟರು ಹಾಲು ಎಂಬ ಪ್ರಮಾಣವನ್ನು ಇರಿಸಲಾಯಿತು. ಸಕ್ಕರೆಯ ಲೆಕ್ಕವನ್ನು ಬದಿಗಿಟ್ಟರೆ, 500 ಮಕ್ಕಳಿಗೆ 9 ಕಿಲೋಗ್ರಾಂ ಪುಡಿ, 75 ಲೀಟರು ಹಾಲು. 75 ಲೀಟರು ಹಾಲಿನ ತೂಕ ಸುಮಾರು 77 ಕಿಲೋಗ್ರಾಂ. ಅದರಲ್ಲಿ ಪುಡಿಯ 9 ಕಿಲೋಗ್ರಾಂ ಕಳೆದರೆ ಬೇಕಾಗುವ ನೀರು ಸುಮಾರು 68 ಕಿಲೋಗ್ರಾಂ, ಅಂದರೆ ಹೆಚ್ಚುಕಡಿಮೆ 68 ಲೀಟರು. ಹೀಗೆ ಲೆಕ್ಕ ಮಾಡದೆ 75 ಲೀಟರು ನೀರಿಗೇ ಪುಡಿಯನ್ನು ಕಲಸಿದರೆ 81 ಲೀಟರಿಗೂ ಮಿಕ್ಕಿದ ತೆಳು ಹಾಲಾಗುತ್ತದೆ. ಮಗುವಿನ ಲೋಟಕ್ಕೆ 150 ಮಿಲಿಲೀಟರು ಬಿದ್ದರೂ 18 ಗ್ರಾಂ ಪುಡಿ ಬೀಳುವುದಿಲ್ಲ.

ಉಷ್ಣತೆಯ ಪ್ರಭಾವ

ಬಹುತೇಕ ದ್ರವಗಳು ಕಾದಾಗ ಹಿಗ್ಗುತ್ತವೆ, ತಣಿದಾಗ ಕುಗ್ಗುತ್ತವೆ. ತೂಕ ಮಾತ್ರ ಬದಲಾಗುವುದಿಲ್ಲ. ಅಡುಗೆ ಎಣ್ಣೆಯು ಉಷ್ಣಾಂಶ ಒಂದು ಡಿಗ್ರಿ ಏರಿದಾಗ ಹತ್ತು ಸಾವಿರ ಪಾಲಿಗೆ ಸುಮಾರು 7 ಪಾಲಿನಷ್ಟು ಹಿಗ್ಗುತ್ತದೆ. 30 ಡಿಗ್ರಿಯಲ್ಲಿರುವ 10 ಲೀಟರು ಎಣ್ಣೆಯನ್ನು ಕರಿಯುವ ಉಷ್ಣಾಂಶವಾದ 180 ಡಿಗ್ರಿಗೆ ಏರಿಸಿದರೆ ಅದು ಹತ್ತಿರ ಹತ್ತಿರ 11 ಲೀಟರಾಗುತ್ತದೆ. ತೂಕ ಅದೇ 9.1 ಕಿಲೋಗ್ರಾಂ.

ಇದರಿಂದ ಎರಡು ಪಾಠಗಳನ್ನು ಕಲಿಯಬಹುದು. ಮೊದಲನೆಯದು ಸುರಕ್ಷತೆಯದು. ಬಾಣಲೆಯ ಅಂಚಿನವರೆಗೆ ತಣ್ಣನೆಯ ಎಣ್ಣೆಯನ್ನು ಸುರಿಯುವುದು ಅಪಾಯಕರ. ಕಾದ ಮೇಲೆ ಅದು ತಾನಾಗಿಯೇ ಮೇಲೇರುತ್ತದೆ, ಹಿಟ್ಟನ್ನು ಬಿಟ್ಟಾಗ ಏಳುವ ಆವಿಯ ಗುಳ್ಳೆಗಳಿಂದ ಮತ್ತಷ್ಟು ಉಕ್ಕುತ್ತದೆ. ದೊಡ್ಡ ಒಲೆಗಳ ಮೇಲೆ ಎಣ್ಣೆ ಚೆಲ್ಲಿ ಬೆಂಕಿ ಹತ್ತುವುದಕ್ಕೆ ಇದೂ ಒಂದು ಕಾರಣ. ಎರಡನೆಯದು ಲೆಕ್ಕದ್ದು. ಕರಿದ ಮೇಲೆ ಉಳಿದ ಎಣ್ಣೆಯನ್ನು ಬಿಸಿಯಿರುವಾಗಲೇ ಅಳೆದು 6 ಲೀಟರು ಎಂದು ಬರೆದಿಟ್ಟರೆ, ತಣಿದ ಮೇಲೆ ಅದು ಐದೂವರೆ ಲೀಟರಿಗೂ ಸ್ವಲ್ಪ ಕಡಿಮೆಯಾಗಿರುತ್ತದೆ. ತೂಗಿದ್ದರೆ ಈ ತೊಡಕೇ ಇಲ್ಲ.

ಇದೇ ಕಾರಣದಿಂದ ಎಣ್ಣೆಯ ಪೊಟ್ಟಣಗಳ ಮೇಲಿನ ಬರಹವೂ ಸರ್ಕಾರದ ಗಮನಕ್ಕೆ ಬಂದಿತು. ಕೆಲವು ತಯಾರಕರು ಹೆಚ್ಚಿನ ಉಷ್ಣಾಂಶವನ್ನು ನಮೂದಿಸಿ ಲೀಟರಿನ ಪರಿಮಾಣವನ್ನು ಮುದ್ರಿಸುತ್ತಿದ್ದರು. ಸೋಯಾ ಎಣ್ಣೆಯ ಒಂದು ಲೀಟರಿನ ತೂಕವು 21 ಡಿಗ್ರಿಯಲ್ಲಿ 919 ಗ್ರಾಂ ಆದರೆ 60 ಡಿಗ್ರಿಯಲ್ಲಿ 892.6 ಗ್ರಾಂ ಮಾತ್ರ ಎಂಬುದನ್ನು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಆಗಸ್ಟ್ ತಿಂಗಳಿನಲ್ಲಿ ಎತ್ತಿ ತೋರಿಸಿ, ಉಷ್ಣಾಂಶವನ್ನು ಹೇಳದೆ ಗಾತ್ರವನ್ನೂ ಅದರೊಡನೆ ತೂಕವನ್ನೂ ಮುದ್ರಿಸುವಂತೆ ತಯಾರಕರಿಗೆ ಸೂಚಿಸಿತು. ಅದಕ್ಕೆ 2023ರ ಜನವರಿ 15ರವರೆಗೆ ಕಾಲಾವಕಾಶವನ್ನೂ ಕೊಟ್ಟಿತು. ಎರಡು ಪೊಟ್ಟಣಗಳ ಮೇಲೆ ಒಂದೇ ‘ಒಂದು ಲೀಟರು’ ಎಂದಿದ್ದರೂ ತೂಕದ ಅಂಕಿಯನ್ನು ಓದುವವರು ಮೋಸಹೋಗುವುದಿಲ್ಲ.

ಚಳಿಗಾಲದಲ್ಲಿ ಹೆಪ್ಪುಗಟ್ಟುವ ತುಪ್ಪ ಮತ್ತು ಕೊಬ್ಬರಿ ಎಣ್ಣೆಗಳಿಗೂ ಈ ಮಾತು ಅನ್ವಯಿಸುತ್ತದೆ. ಗಟ್ಟಿಯಾದ ತುಪ್ಪವನ್ನು ಸೌಟಿನಿಂದ ಅಳೆದರೆ ನಡುವೆ ಗಾಳಿಯ ಸಂದುಗಳು ಉಳಿಯುತ್ತವೆ. ಕರಗಿದ ಒಂದು ಸೌಟೂ ಗಟ್ಟಿಯಾದ ಒಂದು ಸೌಟೂ ಸಮವಲ್ಲ; ಕರಗಿದ 100 ಗ್ರಾಂ, ಗಟ್ಟಿಯಾದ 100 ಗ್ರಾಂ ಎರಡೂ ಸಮ.

ತೂಕಗಳು ಕೂಡುತ್ತವೆ, ಗಾತ್ರಗಳು ಕೂಡುವುದಿಲ್ಲ

ಒಂದು ಕಿಲೋಗ್ರಾಂ ಸಕ್ಕರೆಯನ್ನು ಒಂದು ಲೀಟರು ನೀರಿನಲ್ಲಿ ಕರಗಿಸಿದರೆ ಎಷ್ಟು ಪಾಕವಾಗುತ್ತದೆ? ತೂಕದ ಉತ್ತರ ಸುಲಭ: ಎರಡು ಕಿಲೋಗ್ರಾಂ. ಆದರೆ ಗಾತ್ರ ಎರಡು ಲೀಟರೂ ಅಲ್ಲ, ಒಂದು ಲೀಟರೂ ಅಲ್ಲ. ಸಮತೂಕದ ಪಾಕದ ಸಾಂದ್ರತೆ 1.23 ಆದುದರಿಂದ 2 ÷ 1.23 ಎಂದರೆ ಸುಮಾರು 1.63 ಲೀಟರು. ಸಕ್ಕರೆಯ ಹರಳುಗಳ ನಡುವಿದ್ದ ಗಾಳಿಯ ಸ್ಥಳವನ್ನು ನೀರು ಆಕ್ರಮಿಸುವುದರಿಂದ ಹೀಗಾಗುತ್ತದೆ. ಪದಾರ್ಥಗಳನ್ನು ಬೆರಸುವಲ್ಲೆಲ್ಲ ತೂಕಗಳನ್ನು ನಿಶ್ಚಿಂತೆಯಿಂದ ಕೂಡಬಹುದು, ಗಾತ್ರಗಳನ್ನು ಕೂಡಲಾಗದು. ಪಾಯಸಕ್ಕೆ ಎಷ್ಟು ದೊಡ್ಡ ಕೊಪ್ಪರಿಗೆ ಬೇಕೆಂದು ಅಂದಾಜು ಮಾಡುವವರು ಇದನ್ನು ಅರಿತಿರಬೇಕು.

ನಾಲ್ವರ ಅಡುಗೆಯನ್ನು ನಾನೂರು ಮಂದಿಗೆ ಹೆಚ್ಚಿಸುವಾಗಲೂ ತೂಕವೇ ನಂಬಿಕೆಗೆ ಅರ್ಹ. ಪಾಕಪುಸ್ತಕಗಳಲ್ಲಿ ಬರುವ ‘ಒಂದು ಕಪ್ಪು’ ಎಂಬ ಅಳತೆಯು ಮೆಟ್ರಿಕ್ ಪದ್ಧತಿಯಲ್ಲಿ 250 ಮಿಲಿಲೀಟರು, ಅಮೆರಿಕದಲ್ಲಿ ಸುಮಾರು 237 ಮಿಲಿಲೀಟರು. ದೊಡ್ಡ ಚಮಚೆಯು ಬಹುಕಡೆ 15 ಮಿಲಿಲೀಟರಾದರೆ ಆಸ್ಟ್ರೇಲಿಯದಲ್ಲಿ 20. ಒಂದು ಕಪ್ಪಿನಲ್ಲಿ 13 ಮಿಲಿಲೀಟರು ವ್ಯತ್ಯಾಸವು ಲೆಕ್ಕಕ್ಕೆ ಬಾರದಂತೆ ತೋರಿದರೂ ನೂರ್ಮಡಿಯಾದಾಗ 1.3 ಲೀಟರಾಗುತ್ತದೆ. ಹೊರದೇಶಗಳಲ್ಲಿ ನೆಲೆಸಿ ಊರಿನ ಅಡುಗೆಯನ್ನು ಅಲ್ಲಿಯ ಅಳತೆಪಾತ್ರೆಗಳಲ್ಲಿ ಮಾಡಲು ಯತ್ನಿಸುವ ಕನ್ನಡಿಗರ ಮನೆಗಳಲ್ಲಿಯೂ ರುಚಿ ಕೆಡುವುದಕ್ಕೆ ಇದು ಕಾರಣವಾಗಬಹುದು.

ತರಗತಿಯಲ್ಲಿ ಮಾಡಬಹುದಾದ ಪ್ರಯೋಗ

ವಿಜ್ಞಾನದ ಉಪಾಧ್ಯಾಯರು ಈ ವಿಷಯವನ್ನು ಬೆಲೆಬಾಳುವ ಉಪಕರಣಗಳಿಲ್ಲದೆ ಕಲಿಸಬಹುದು. ಕಿರಿದಾದ ಕಂಠವುಳ್ಳ ಒಂದು ಗಾಜಿನ ಸೀಸೆ ಮತ್ತು ಒಂದು ಒಳ್ಳೆಯ ತಕ್ಕಡಿ ಇದ್ದರೆ ಸಾಕು. ಅಗಲ ಬಾಯಿಯ ಪಾತ್ರೆಯಲ್ಲಿ ದ್ರವದ ಮಟ್ಟವು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಅಂತರ ದೊಡ್ಡದಾಗುವುದರಿಂದ ಕಿರಿಗಂಠದ ಸೀಸೆಯೇ ಮೇಲು. ಕ್ರಮ ಹೀಗಿದೆ:

1. ಒಣಗಿದ ಸೀಸೆಯನ್ನು ತೂಗುವುದು. ಅದು 350 ಗ್ರಾಂ ಎಂದಿಟ್ಟುಕೊಳ್ಳಬಹುದು.
2. ಕಂಠದ ಮೇಲೆ ಗೆರೆಯೊಂದನ್ನು ಎಳೆದು, ಅಲ್ಲಿಯವರೆಗೆ ನೀರು ತುಂಬಿ ತೂಗುವುದು. 1,346 ಗ್ರಾಂ ಬಂದರೆ ನೀರಿನ ತೂಕ 996 ಗ್ರಾಂ. 30 ಡಿಗ್ರಿಯಲ್ಲಿ ನೀರಿನ ಸಾಂದ್ರತೆ 0.996 ಆದುದರಿಂದ ಸೀಸೆಯ ಗಾತ್ರ ಒಂದು ಲೀಟರು.
3. ನೀರನ್ನು ಚೆಲ್ಲಿ, ಸೀಸೆಯನ್ನು ಚೆನ್ನಾಗಿ ಒಣಗಿಸಿ, ಅದೇ ಗೆರೆಯವರೆಗೆ ಎಣ್ಣೆಯನ್ನು ತುಂಬಿ ತೂಗುವುದು. 1,262 ಗ್ರಾಂ ಬಂದರೆ ಎಣ್ಣೆಯ ತೂಕ 912 ಗ್ರಾಂ, ಸಾಂದ್ರತೆ 0.912.
4. ಸೀಸೆಯನ್ನು ತೊಳೆದು ಒಣಗಿಸಿ, ತಣಿದ ಬೆಲ್ಲದ ಪಾಕವನ್ನು ತುಂಬಿ ತೂಗುವುದು. 1,600 ಗ್ರಾಂ ಬಂದರೆ ಪಾಕದ ಸಾಂದ್ರತೆ 1.25.

ಕೊನೆಯಲ್ಲಿ ಪಾಕವನ್ನು ಸುರಿದ ಬಳಿಕ ಸೀಸೆಯನ್ನು ತೊಳೆಯದೆ ಮತ್ತೊಮ್ಮೆ ತೂಗುವುದು ಪ್ರಯೋಜನಕರ. ಖಾಲಿ ಸೀಸೆಗಿಂತ ಎಷ್ಟು ಹೆಚ್ಚು ತೂಗುತ್ತದೆಯೋ ಅಷ್ಟು ಪಾಕ ಗೋಡೆಗೆ ಅಂಟಿಕೊಂಡಿದೆಯೆಂದು ಅರ್ಥ. ಜೇನು, ಪಾಕ, ತುಪ್ಪಗಳನ್ನು ಅಳತೆಯ ಪಾತ್ರೆಯಲ್ಲಿ ಅಳೆದು ಸುರಿದಾಗಲೆಲ್ಲ ಈ ಭಾಗವು ನಷ್ಟವಾಗುತ್ತದೆ; ಅಡುಗೆಯ ಪಾತ್ರೆಯನ್ನೇ ತಕ್ಕಡಿಯ ಮೇಲಿಟ್ಟು ನೇರವಾಗಿ ಸುರಿದು ತೂಗಿದರೆ ನಷ್ಟವಿಲ್ಲ. ಪುಸ್ತಕದಲ್ಲಿ ಬಾಯಿಪಾಠವಾಗಿ ಕಲಿತ ಸಾಂದ್ರತೆಯ ಸೂತ್ರವು ತಮ್ಮ ಊಟದ ಎಣ್ಣೆಯಲ್ಲಿಯೇ ಅಡಗಿದೆಯೆಂದು ವಿದ್ಯಾರ್ಥಿಗಳು ಕಂಡುಕೊಂಡಾಗ ಅವರು ಅದನ್ನು ಮರೆಯುವುದಿಲ್ಲ.

ಉಪಸಂಹಾರ

ಮೇಲ್ಕಂಡ ವಿವೇಚನೆಯಿಂದ ಸಾಮೂಹಿಕ ಪಾಕಶಾಲೆಗಳು ಅನುಸರಿಸಬಹುದಾದ ಕೆಲವು ನಿಯಮಗಳು ತಾವಾಗಿಯೇ ಹೊರಡುತ್ತವೆ. ಉಗ್ರಾಣದ ಪುಸ್ತಕದಲ್ಲಿ ‘ಬಂದ ಮಾನ’, ‘ಕಿಲೋಗ್ರಾಂನಲ್ಲಿ ತೂಕ’ ಎಂಬ ಎರಡು ಅಂಕಣಗಳಿರಬೇಕು. ದಾನವಾಗಿ ಬಂದ ಎಣ್ಣೆ, ತುಪ್ಪ, ಹಾಲು, ಜೇನುಗಳನ್ನು ಸ್ವೀಕರಿಸಿದ ದಿನವೇ ತೂಗಿ, ಆ ತೂಕವನ್ನೇ ರಶೀದಿಯಲ್ಲಿಯೂ ಬರೆಯುವುದು ಲೇಸು. ಇದರಿಂದ ಕೊಟ್ಟವರಿಗೂ ಇಟ್ಟವರಿಗೂ ಸಮಾಧಾನವಿರುತ್ತದೆ. ಉಗ್ರಾಣದ ಗೋಡೆಯ ಮೇಲೆ ಎಣ್ಣೆ 0.91, ಹಾಲು 1.03, ಜೇನು 1.40 ಎಂಬ ಮೂರು ಗುಣಕಗಳನ್ನು ದಪ್ಪಕ್ಷರದಲ್ಲಿ ಬರೆದು ತೂಗುಹಾಕಬೇಕು. ಬಿಸಿಯಾದ ದ್ರವವನ್ನು ಎಂದಿಗೂ ಅಳೆದು ಲೆಕ್ಕಕ್ಕೆ ಹಿಡಿಯತಕ್ಕದ್ದಲ್ಲ. ಮಕ್ಕಳಿಗೆ ಗೊತ್ತುಪಡಿಸಿದ ಪ್ರಮಾಣವು ಗ್ರಾಂನಲ್ಲಿದ್ದರೆ ಬಾಣಲೆಗೆ ಬೀಳುವುದೂ ಗ್ರಾಂನಲ್ಲಿಯೇ ಆಗಬೇಕು. ವರ್ಷಕ್ಕೊಮ್ಮೆ ತಕ್ಕಡಿಯನ್ನೂ ಬಟ್ಟುಗಳನ್ನೂ ಅಧಿಕೃತವಾಗಿ ಪರೀಕ್ಷಿಸಿ ಮುದ್ರೆ ಹಾಕಿಸಿಕೊಳ್ಳಬೇಕು.

ಇವು ಯಾವುವೂ ಹೆಚ್ಚಿನ ಖರ್ಚನ್ನಾಗಲಿ ಶ್ರಮವನ್ನಾಗಲಿ ಬೇಡುವುದಿಲ್ಲ. ಅಡುಗೆ ಮಾಡುವ ಕೈಗಳೂ ದಾನ ನೀಡುವ ಕೈಗಳೂ ಶುದ್ಧವಾಗಿದ್ದಾಗ ಅವುಗಳ ನಡುವೆ ಲೆಕ್ಕದ ತಪ್ಪೊಂದು ಅಪನಂಬಿಕೆಯನ್ನು ತಂದಿಡಬಾರದು. ಹತ್ತನೆಯ ತರಗತಿಯ ವಿದ್ಯಾರ್ಥಿಗಳಿಂದಲೇ ತಿಂಗಳಿಗೊಮ್ಮೆ ಉಗ್ರಾಣದ ಎಣ್ಣೆಯನ್ನು ತೂಗಿಸಿ, ಲೀಟರಿನ ಲೆಕ್ಕದೊಡನೆ ತಾಳೆ ನೋಡಿಸುವ ಪದ್ಧತಿಯನ್ನು ಶಾಲೆಗಳು ಆರಂಭಿಸಿದರೆ ಪಾಠವೂ ಆಗುತ್ತದೆ, ಪಾಲಿನ ರಕ್ಷಣೆಯೂ ಆಗುತ್ತದೆ.